ಜಗ್ಗುವ ನಾಯಿ, ಜೋಲುವ ಹಗ್ಗ: ದತ್ತು ತಂದ ನಾಯಿಗೆ ನಡಿಗೆ ಕಲಿಸುವ ಬಗೆ

ಕೆಂಚಿ ನಮ್ಮ ಮನೆಗೆ ಬಂದಾಗ ಅವಳಿಗೆ ಸುಮಾರು 2 ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಗಳ ಕಿವಿಯಲ್ಲಿ ಗುರುತಿಗಾಗಿ ಮಾಡುವ ಸಣ್ಣ ಕಚ್ಚು ಅವಳ ಕಿವಿಯಲ್ಲೂ ಇತ್ತು. ಎಂದರೆ, ಬೆಂಗಳೂರಿನ ಯಾವುದೋ ಬೀದಿಯಲ್ಲಿ ಬೇಕೆನಿಸಿದಾಗ ಓಡಿ, ಬೇಕೆನಿಸಿದಲ್ಲಿ ನಿಂತು ಮೂಸಿ, ಯಾರ ಅಪ್ಪಣೆಗೂ ಕಾಯದೆ ಬೆಳೆದ ಜೀವ ಅದು. ಅಂಥವಳ ಕೊರಳಿಗೆ ಬೆಲ್ಟು ಬಿಗಿದು ಮೊದಲ ಬೆಳಗ್ಗೆಯೇ ಬೀದಿಗಿಳಿದ ನಾನು, ಗೇಟಿನಿಂದ ಮೂಲೆಯ ಹಾಲಿನ ಬೂತಿನವರೆಗೆ ಹೆಚ್ಚುಕಡಿಮೆ ಓಡಿಯೇ ಹೋದೆ. ಹಗ್ಗ ಉಜ್ಜಿ ಅಂಗೈ ಕೆಂಪಾಗಿತ್ತು, ಅವಳು ಉಬ್ಬಸ ಬಂದವಳಂತೆ ಕೆಮ್ಮುತ್ತಿದ್ದಳು. ತಪ್ಪು ಅವಳದ್ದಾಗಿರಲಿಲ್ಲ. ಪಾಠವನ್ನೇ ಮಾಡದೆ ಪರೀಕ್ಷೆಗೆ ಕೂರಿಸಿದವನು ನಾನು.

ಆಶ್ರಯಧಾಮದಿಂದಲೋ ಬೀದಿಯಿಂದಲೋ ಮನೆಗೆ ಬಂದ, ಸ್ವಭಾವದಲ್ಲಿ ಕೆಟ್ಟದ್ದಲ್ಲದ, ಆದರೆ ಹೊರಗೆ ಕಾಲಿಟ್ಟೊಡನೆ ಮೈಮೇಲೆ ಬಂದವರಂತೆ ಆಡುವ ವಯಸ್ಕ ನಾಯಿಯನ್ನು ಇಟ್ಟುಕೊಂಡವರಿಗಾಗಿ ಈ ಬರಹ. ಇದರಲ್ಲಿ ಹೇಳುವ ಕ್ರಮಕ್ಕೆ ಹಣಕ್ಕಿಂತ ಸಮಯ ಹೆಚ್ಚು ಬೇಕು, ಮತ್ತು ಮೊದಲ ಕೆಲವು ವಾರಗಳಲ್ಲಿ ದೂರ ನಡೆಯುವ ಆಸೆಯನ್ನು ಬದಿಗಿಡಬೇಕಾಗುತ್ತದೆ.

ನಾಯಿ ಜಗ್ಗುವುದೇಕೆ

ನಾಯಿಯ ಸಹಜ ನಡಿಗೆಯ ವೇಗ ನಮ್ಮದಕ್ಕಿಂತ ಹೆಚ್ಚು. ನಾವು ಕಣ್ಣಿನಿಂದ ಬೀದಿಯನ್ನು ನೋಡಿದರೆ ಅದು ಮೂಗಿನಿಂದ ಓದುತ್ತದೆ. ಪ್ರತಿ ವಿದ್ಯುತ್ ಕಂಬದಲ್ಲೂ ಅದಕ್ಕೊಂದು ಸುದ್ದಿ ಕಾದಿರುತ್ತದೆ. ಇವೆರಡಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಜಗ್ಗಿದರೆ ಕೆಲಸವಾಗುತ್ತದೆ. ನಾಯಿ ಎಳೆದಾಗ ನಾವು ಬೈಯುತ್ತಲೇ ಎರಡು ಹೆಜ್ಜೆ ಮುಂದೆ ಹೋಗುತ್ತೇವೆ, ಕಂಬ ಸಿಗುತ್ತದೆ, ಬೈಗುಳ ಗಾಳಿಗೆ ಹೋಗುತ್ತದೆ. ಫಲ ಕೊಟ್ಟ ನಡತೆ ಬೇರೂರುತ್ತದೆ ಎಂಬುದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಇದರ ಮೇಲೆ, ಕೊರಳನ್ನು ಹಿಂದಕ್ಕೆ ಎಳೆದರೆ ದೇಹ ತಾನಾಗಿ ಮುಂದಕ್ಕೆ ತುಯ್ಯುತ್ತದೆ. ನಾವು ಹೆಚ್ಚು ಬಿಗಿ ಹಿಡಿದಷ್ಟೂ ಅದು ಹೆಚ್ಚು ಜಗ್ಗುವುದು ಹಟದಿಂದಲ್ಲ. ಹಗ್ಗವನ್ನು ಎತ್ತಿನ ಮೂಗುದಾರದಂತೆ ಬಳಸುವ ಯೋಚನೆಯನ್ನೇ ಬಿಡಬೇಕು. ಅದು ನಾಯಿ ರಸ್ತೆಗೆ ನುಗ್ಗದಂತೆ ತಡೆಯುವ ಭದ್ರತೆ ಮಾತ್ರ. ದಾರಿ ತೋರಿಸುವ ಕೆಲಸವನ್ನು ನಮ್ಮ ಕಾಲು, ದನಿ ಮತ್ತು ಕೈಯಲ್ಲಿರುವ ತಿನಿಸು ಮಾಡಬೇಕು.

ದತ್ತು ನಾಯಿಗಳ ವಿಷಯದಲ್ಲಿ ಒಂದು ಮೋಸವಿದೆ. ಮೊದಲ ವಾರ ತಲೆತಗ್ಗಿಸಿ ನಮ್ಮ ಪಕ್ಕದಲ್ಲೇ ನಡೆಯುವ ನಾಯಿ ಮೂರನೆಯ ವಾರಕ್ಕೆ ಎಗರಾಡಲು ಶುರುಮಾಡುತ್ತದೆ, ಮನೆಯವರು "ಬಂದಾಗ ಎಷ್ಟು ಒಳ್ಳೆಯದಿತ್ತು" ಎಂದು ಪೇಚಾಡುತ್ತಾರೆ. ನಿಜದಲ್ಲಿ ಮೊದಲ ವಾರ ಕಂಡದ್ದು ಶಾಂತಿಯಲ್ಲ, ಹೊಸ ಜಾಗದ ಭಯದಲ್ಲಿ ಮುದುಡಿಕೊಂಡಿದ್ದ ನಾಯಿ. ಈಗ ಅದು ತನ್ನ ಸ್ವಭಾವವನ್ನು ತೋರಿಸುವಷ್ಟು ನಿಮ್ಮನ್ನು ನಂಬಿದೆ. ಇನ್ನೊಂದು ಬಗೆಯ ಸುಳ್ಳು ಶಾಂತಿಯೂ ಉಂಟು: ನಮ್ಮಲ್ಲಿ ಉಣ್ಣೆ ಕಚ್ಚಿ ಬರುವ ಜ್ವರ ಬೀದಿಯಿಂದ ಬಂದ ನಾಯಿಗಳಲ್ಲಿ ಸಾಮಾನ್ಯ. ನಿನ್ನೆಯವರೆಗೆ ಕುಣಿಯುತ್ತಿದ್ದ ನಾಯಿ ಇಂದು ಮಂಕಾಗಿ, ಊಟ ಬಿಟ್ಟು, ಹಿಂದೆ ಹಿಂದೆ ನಡೆಯುತ್ತಿದ್ದರೆ ಪಾಠ ಫಲಿಸಿತೆಂದು ಸಂತೋಷಪಡದೆ ಪಶುವೈದ್ಯರಲ್ಲಿಗೆ ಹೋಗಬೇಕು. ಹೇಗಿದ್ದರೂ, ನಡಿಗೆಯ ಪಾಠಕ್ಕೆ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ, ರೇಬೀಸ್ ಮತ್ತಿತರ ಲಸಿಕೆಗಳನ್ನು ಹಾಕಿಸಿ, ಕಾಲು, ಸೊಂಟ, ಕಿವಿಗಳಲ್ಲಿ ನೋವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಲೇಸು.

ಕೈಯಲ್ಲಿ ಏನಿರಬೇಕು

ಜಗ್ಗುವ ನಾಯಿಗೆ ಕೊರಳ ಬೆಲ್ಟಿಗೆ ಹಗ್ಗ ಕಟ್ಟುವುದಕ್ಕಿಂತ ಎದೆಗೆ ತೊಡಿಸುವ ಹಾರ್ನೆಸ್ ಒಳ್ಳೆಯದು. ಕೊರಳ ಮೇಲೆ ಒತ್ತಡ ಬಿದ್ದಾಗ ಶ್ವಾಸನಾಳಕ್ಕೆ ಪೆಟ್ಟಾಗುವುದಲ್ಲದೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಮುಂದಿನಿಂದ ನೋಡಿದರೆ ಪಟ್ಟಿಗಳು ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವ, ಭುಜದ ಚಲನೆಗೆ ಅಡ್ಡಬಾರದ, ಬೆನ್ನಿನ ಮೇಲೊಂದು ಮತ್ತು ಎದೆಯ ಮುಂದೊಂದು ಬಳೆಯಿರುವ ಹಾರ್ನೆಸ್ ಆರಿಸಿಕೊಳ್ಳಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು. ಎದೆಯ ಬಳೆಗೆ ಹಗ್ಗ ಸಿಕ್ಕಿಸಿದಾಗ, ಜಗ್ಗಿದ ನಾಯಿಯ ದೇಹ ನಿಮ್ಮ ಕಡೆಗೆ ತಿರುಗುತ್ತದೆಯೇ ಹೊರತು ಗಾಡಿ ಎಳೆಯುವ ಎತ್ತಿನಂತೆ ಬಲ ಸಿಗುವುದಿಲ್ಲ.

ಹಗ್ಗದ ಉದ್ದ 1.5 ರಿಂದ 2 ಮೀಟರ್ ಇರಲಿ. ನೂಲಿನದೋ ನೈಲಾನಿನದೋ, ಕೈಗೆ ಒರಟಾಗದಂಥ ಚಪ್ಪಟೆ ಪಟ್ಟಿ. ಕಬ್ಬಿಣದ ಚೈನು ಭಾರ, ಸದಾ ಝಣಝಣ ಎನ್ನುತ್ತದೆ, ಸಡಿಲವಾಗಿ ಜೋತಾಗಲೂ ನಾಯಿಗೆ ಎಳೆತದ ಅನುಭವ ಕೊಡುತ್ತದೆ. ಗುಂಡಿ ಒತ್ತಿದರೆ ಚಕ್ರದಂತೆ ಸುತ್ತಿಕೊಳ್ಳುವ ಹಗ್ಗವಂತೂ ಈ ಪಾಠಕ್ಕೆ ನೇರ ವೈರಿ: ಜಗ್ಗಿದಷ್ಟೂ ಹಗ್ಗ ಸಿಗುತ್ತದೆ ಎಂಬುದನ್ನೇ ಅದು ಕಲಿಸುತ್ತದೆ. ಜಗ್ಗಿದಾಗ ಕೊರಳು ಬಿಗಿಯುವ ಚೋಕ್ ಚೈನು, ಮುಳ್ಳಿನ ಬೆಲ್ಟು ಇವುಗಳನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಕೊಳ್ಳಬಾರದು. ನೋವಿನಿಂದ ಜಗ್ಗುವುದನ್ನು ನಿಲ್ಲಿಸಿದ ನಾಯಿ, ಆ ನೋವಿಗೆ ಎದುರಿಗೆ ಬರುತ್ತಿದ್ದ ನಾಯಿಯನ್ನೋ ಮಗುವನ್ನೋ ಹೊಣೆ ಮಾಡಿಕೊಂಡುಬಿಡಬಹುದು. ಆಮೇಲೆ ಬರುವ ಗುರುಗುಟ್ಟುವಿಕೆಯನ್ನು ಬಿಡಿಸುವುದು ಜಗ್ಗುವಿಕೆಯನ್ನು ಬಿಡಿಸುವುದಕ್ಕಿಂತ ಬಹಳ ಕಷ್ಟ.

ಭದ್ರತೆಯ ಬಗ್ಗೆ ಒಂದು ಮಾತನ್ನು ನನ್ನ ಅನುಭವದಿಂದಲೇ ಹೇಳಬೇಕು. ಕೆಂಚಿ ಬಂದ ಎರಡನೆಯ ವಾರ, ಕಸದ ಆಟೋ ಹಾಡು ಹಾಕಿಕೊಂಡು ತಿರುವಿನಲ್ಲಿ ಏಕಾಏಕಿ ಎದುರಾಯಿತು. ಅವಳು ಮುಂದೆ ಹಾರಲಿಲ್ಲ, ಹಿಂದಕ್ಕೆ ಸರಿದಳು. ತಲೆ ತಗ್ಗಿಸಿ, ಕಿವಿ ಮಡಚಿ, ಮುಂಗಾಲುಗಳನ್ನು ಊರಿ ಒಮ್ಮೆ ಕೊಡವಿದಳಷ್ಟೆ, ಬೆಲ್ಟು ನನ್ನ ಹಗ್ಗದ ತುದಿಯಲ್ಲಿ ತೂಗಾಡುತ್ತಿತ್ತು, ಅವಳು ಎರಡು ಬೀದಿ ಆಚೆ ಇದ್ದಳು. ಸಂಜೆಯ ಹೊತ್ತಿಗೆ ಸಿಕ್ಕಳು ಎಂಬುದು ನನ್ನ ಪುಣ್ಯ. ಹೆದರಿದ ನಾಯಿ ಹಿಂದಕ್ಕೆ ಜಾರಿ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಅಂದೇ ಕಲಿತೆ. ಆದ್ದರಿಂದ ಮೊದಲ ಕೆಲವು ತಿಂಗಳು ಹಾರ್ನೆಸ್ ಮತ್ತು ಬೆಲ್ಟು ಎರಡನ್ನೂ ತೊಡಿಸಿ, ಒಂದು ಸಣ್ಣ ಪಟ್ಟಿಯಿಂದ ಎರಡನ್ನೂ ಜೋಡಿಸಿ, ಒಂದು ಕಳಚಿದರೂ ಇನ್ನೊಂದು ಹಿಡಿಯುವಂತೆ ಮಾಡಬೇಕು. ಬೆಲ್ಟಿಗೆ ನಿಮ್ಮ ಫೋನ್ ಸಂಖ್ಯೆಯ ಬಿಲ್ಲೆ ಇರಬೇಕು. ಮುಧೋಳ ನಾಯಿಯನ್ನು ದತ್ತು ತಂದವರು ಇನ್ನಷ್ಟು ಎಚ್ಚರವಾಗಿರಬೇಕು, ಏಕೆಂದರೆ ಆ ತಳಿಯ ನೀಳ ತಲೆ ಕೊರಳಿಗಿಂತ ಹೆಚ್ಚು ಅಗಲವಿರುವುದಿಲ್ಲ. ಮಾಮೂಲಿ ಬೆಲ್ಟು ಸಲೀಸಾಗಿ ಜಾರುತ್ತದೆ, ಮತ್ತು ಬೇಟೆಗೆಂದೇ ಬೆಳೆಸಿದ ಆ ನಾಯಿ ಒಮ್ಮೆ ಬೆಕ್ಕಿನ ಹಿಂದೆ ಬಿದ್ದರೆ ನಾವು ಓಡಿ ಹಿಡಿಯುವ ಮಾತೇ ಇಲ್ಲ.

ತಿನಿಸಿನ ವಿಷಯದಲ್ಲಿ ಜಿಪುಣತನ ಬೇಡ, ಗಾತ್ರ ಮಾತ್ರ ಬಟಾಣಿಯಷ್ಟಿರಲಿ. ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಬೆಂದ ಮೊಟ್ಟೆ. ಮಾಂಸ ತರದ ಮನೆಯಾದರೆ ಪನೀರು, ಬೇಯಿಸಿದ ಗೆಣಸು, ಹಸಿ ಕೊಬ್ಬರಿಯ ಚೂರು. ಬಿಸ್ಕೆಟ್ ಮನೆಯೊಳಗೆ ನಡೆದೀತು, ಬೀದಿಯಲ್ಲಿ ಅಳಿಲು ಕಂಡಾಗ ಅದಕ್ಕೆ ಬೆಲೆಯಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪಾಠದಲ್ಲಿ ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ, ಮತ್ತು ಹೊಟ್ಟೆ ತುಂಬಿದ ಮೇಲೆ ಪಾಠಕ್ಕೆ ಹೋಗಬೇಡಿ.

ಗೇಟಿನೊಳಗಿನ ಪಾಠ

ಮೊದಲು ಒಂದು ಪದ ಬೇಕು. ನಾಯಿ ಸರಿಯಾದದ್ದನ್ನು ಮಾಡಿದ ಆ ಕ್ಷಣವನ್ನೇ ಗುರುತಿಸುವ, ಮನೆಯ ಬೇರೆ ಮಾತಿನಲ್ಲಿ ಅಷ್ಟಾಗಿ ಬಾರದ, ಗಿಡ್ಡ ಪದ. ನಾವು "ಸೈ" ಎಂಬುದನ್ನು ಆರಿಸಿಕೊಂಡೆವು. ಹಜಾರದಲ್ಲಿ ಕುಳಿತು "ಸೈ" ಎನ್ನಿ, ಒಂದು ಚೂರು ಕೊಡಿ. ಮತ್ತೆ "ಸೈ", ಮತ್ತೊಂದು ಚೂರು. ಹದಿನೈದಿಪ್ಪತ್ತು ಸಲ, ದಿನಕ್ಕೆ ಎರಡು ಹೊತ್ತು ಹೀಗೆ ಮಾಡಿದರೆ, ಎರಡು ಮೂರು ದಿನದಲ್ಲಿ ಆ ಪದ ಕಿವಿಗೆ ಬಿದ್ದೊಡನೆ ನಾಯಿ ತಿರುಗಿ ನೋಡುತ್ತದೆ. ಊಟದ ಸೂಚನೆ ಕಂಡೊಡನೆಯೇ ನಾಯಿಗಳ ಬಾಯಲ್ಲಿ ನೀರೂರುವುದನ್ನು ಗಮನಿಸಿದ ರಷ್ಯಾದ ಪಾವ್ಲೋವ್ ತೋರಿಸಿಕೊಟ್ಟದ್ದು ಇದೇ ನಂಟನ್ನು. ಪದ ಮೊದಲು, ತಿನಿಸು ಆಮೇಲೆ. ಎರಡೂ ಒಟ್ಟಿಗೆ ಬಂದರೆ ನಾಯಿ ಕೈಯನ್ನು ನೋಡುತ್ತದೆ, ಪದವನ್ನು ಕೇಳಿಸಿಕೊಳ್ಳುವುದಿಲ್ಲ.

ಆಮೇಲೆ ಹಗ್ಗವಿಲ್ಲದೆಯೇ ಹಜಾರದಲ್ಲಿ ಅಡ್ಡಾಡಿ. ನಾಯಿ ತಾನಾಗಿ ನಿಮ್ಮ ಎಡಗಾಲಿನ ಬಳಿ ಬಂದ ಕ್ಷಣ "ಸೈ" ಎಂದು, ಚೂರನ್ನು ಪ್ಯಾಂಟಿನ ಹೊಲಿಗೆಗೋ ಸೀರೆಯ ಮಡಿಕೆಗೋ ತಾಗುವಂತೆ, ಮೊಣಕಾಲಿನ ಎತ್ತರದಲ್ಲಿ ಕೊಡಿ. ಎಲ್ಲಿ ಕೊಡುತ್ತೀರಿ ಎಂಬುದು ಏನು ಕೊಡುತ್ತೀರಿ ಎಂಬುದಕ್ಕಿಂತ ಕಡಿಮೆ ಮುಖ್ಯವಲ್ಲ. ಕೈ ಮುಂದೆ ಚಾಚಿ ಕೊಟ್ಟರೆ ನಾಯಿ ಮುಂದೆ ಬಂದು ದಾರಿಗೆ ಅಡ್ಡ ನಿಲ್ಲುವುದನ್ನು ಕಲಿಯುತ್ತದೆ. ಕಾಲಿನ ಪಕ್ಕದಲ್ಲಿ ಕೊಟ್ಟರೆ ಆ ಜಾಗವೇ ಅದಕ್ಕೆ ಲಾಭದ ಜಾಗವಾಗುತ್ತದೆ. ಒಂದು ಹೆಜ್ಜೆಗೆ ಒಂದು ಚೂರಿನಿಂದ ಶುರುಮಾಡಿ ಮೂರು ಹೆಜ್ಜೆಗೆ, ಐದಕ್ಕೆ, ಮತ್ತೆ ಎರಡಕ್ಕೆ, ಆಮೇಲೆ ಎಂಟಕ್ಕೆ ಎಂದು ಲೆಕ್ಕ ಸಿಗದಂತೆ ಬದಲಿಸಿ. ಇದು ಸಲೀಸಾದ ಮೇಲೆಯೇ ಹಗ್ಗ. ಹಗ್ಗದೊಂದಿಗೂ ಮೊದಲು ಹಜಾರ, ಆಮೇಲೆ ಮಹಡಿ ಅಥವಾ ಅಪಾರ್ಟ್‌ಮೆಂಟಿನ ಪಾರ್ಕಿಂಗ್, ಕೊನೆಗೆ ಗೇಟು.

ಗೇಟಿಗಿಂತ ಮುಂಚೆಯೇ ಇನ್ನೊಂದು ಬಾಗಿಲಿದೆ, ಅದು ಹಗ್ಗ ತೂಗುಹಾಕಿರುವ ಮೊಳೆ. ಉದ್ವೇಗ ಅಲ್ಲಿಂದಲೇ ಏರುತ್ತದೆ. ನಾನು ಮೊಳೆಯತ್ತ ಕೈಯೆತ್ತಿದರೆ ಸಾಕು, ಕೆಂಚಿ ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದಳು. ಅದಕ್ಕೆ ಮಾಡಿದ್ದು ಇಷ್ಟೇ: ಅವಳು ಎಗರಿದಳೋ, ಹಗ್ಗವನ್ನು ಮಾತಿಲ್ಲದೆ ಮೊಳೆಗೆ ಸಿಕ್ಕಿಸಿ ಕುರ್ಚಿಯಲ್ಲಿ ಕುಳಿತುಬಿಡುವುದು. ನಾಲ್ಕು ಪಾದಗಳೂ ನೆಲದ ಮೇಲಿದ್ದಾಗ ಮತ್ತೆ ಏಳುವುದು. ಮೊದಲ ದಿನ ಹಗ್ಗ ಮೊಳೆಯಿಂದ ನನ್ನ ಕೈಗೆ ಬಂದು ಮರಳಿದ್ದು ಹದಿನಾಲ್ಕು ಸಲ. ಹಾರ್ನೆಸ್ಸಿನ ಕೊಂಡಿ ಟಿಕ್ ಎಂದಾಗ ಮತ್ತೆ ಜಿಗಿದಳು; ಕೊಂಡಿ ಬಿಚ್ಚಿದೆ. ಗೇಟಿನ ಅಗುಳಿ ಸದ್ದಾದಾಗ ಮುನ್ನುಗ್ಗಿದಳು, ಗೇಟು ಮುಚ್ಚಿದೆ. ಅಂದು ನಾವು ಬೀದಿಗೆ ಹೋಗಲೇ ಇಲ್ಲ, ಅರ್ಧ ಗಂಟೆ ಅಲ್ಲೇ ಕಳೆಯಿತು, ಮತ್ತು ಅವಳು ದೂರ ನಡೆದುಬಂದವಳಂತೆ ದಣಿದು ಮಲಗಿದಳು. ಮನಸ್ಸಿಗೆ ಕೆಲಸ ಕೊಟ್ಟರೂ ನಾಯಿ ದಣಿಯುತ್ತದೆ. ಐದನೆಯ ದಿನ ಅಗುಳಿ ಸರಿಸಿದಾಗ ಅವಳು ಗೇಟಿನ ಕಡೆ ನೋಡದೆ ನನ್ನ ಮುಖ ನೋಡಿದಳು. ಆ ನೋಟಕ್ಕೆ ಇಡೀ ಮುಷ್ಟಿ ಕೋಳಿ ಕೊಟ್ಟೆ.

ಬೀದಿಯಲ್ಲಿ

ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ನಾಯಿ ಹಠಾತ್ತನೆ ನುಗ್ಗಿದರೆ ಕೈ ಉಳುಕುತ್ತದೆ, ಬಿದ್ದರೆ ಎಳೆದುಕೊಂಡೂ ಹೋಗುತ್ತದೆ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಮುಷ್ಟಿ ಮುಚ್ಚಿ, ಆ ಕೈಯನ್ನು ಹೊಟ್ಟೆಯ ಬಳಿ ಇರಿಸಿ, ಇನ್ನೊಂದು ಕೈಯಿಂದ ಹಗ್ಗದ ನಡುಭಾಗವನ್ನು ಸಡಿಲವಾಗಿ ಹಿಡಿಯಿರಿ. ಕೊಂಡಿ ನೆಲದ ಕಡೆಗೆ ಜೋತು, ಹಗ್ಗ ತೊಟ್ಟಿಲಿನಂತೆ ಬಾಗಿದ್ದರೆ ಅದು ಸರಿಯಾದ ನಡಿಗೆ. ಕೊಂಡಿ ಮೇಲೆದ್ದು ಹಗ್ಗ ನೇರವಾದೊಡನೆ ನಿಲ್ಲಿ. ಹಿಂದಕ್ಕೆ ಎಳೆಯಬೇಡಿ, ಬೈಯಬೇಡಿ, ಹೆಸರು ಹಿಡಿದು ಕೂಗಬೇಡಿ, ಕಂಬದಂತೆ ನಿಲ್ಲಿ. ನಾಯಿ ತಿರುಗಿ ನೋಡಿದರೆ, ಅಥವಾ ಒಂದು ಹೆಜ್ಜೆ ಹಿಂದೆ ಬಂದು ಹಗ್ಗ ಮತ್ತೆ ಜೋತರೆ, "ಸೈ" ಎಂದು ಮುಂದೆ ಹೋಗಿ. ಇಲ್ಲಿ ಬಹುಮಾನ ತಿನಿಸಲ್ಲ, ಮುಂದಿನ ಹೆಜ್ಜೆ.

ಈ ನಿಲ್ಲುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ, ಆದರೆ ಇದೊಂದನ್ನೇ ನೆಚ್ಚಿದವರು ಸೋಲುತ್ತಾರೆ ಎಂಬುದು ನನ್ನ ಅಭಿಪ್ರಾಯ. ಉದ್ವೇಗದ ನಾಯಿ ಪದೇ ಪದೇ ತಡೆಯಲ್ಪಟ್ಟರೆ ಸಿಟ್ಟಿಗೆದ್ದು ಹಗ್ಗವನ್ನೇ ಕಚ್ಚತೊಡಗುತ್ತದೆ. ಜಾಣ ನಾಯಿಯಾದರೋ, ಜಗ್ಗಿ, ತಿರುಗಿ ಬಂದು, ಚೂರು ಈಸಿಕೊಂಡು, ಮತ್ತೆ ಜಗ್ಗುವ ಒಂದು ಚಕ್ರವನ್ನೇ ಕಲಿತುಬಿಡುತ್ತದೆ. ಮದ್ದು ಒಂದೇ: ಜಗ್ಗುವ ಮುಂಚೆಯೇ ಕೊಡಬೇಕು. ಹಗ್ಗ ಜೋತಿರುವಾಗ, ನಾಯಿ ಪಕ್ಕದಲ್ಲಿರುವಾಗ, ಏನೂ ವಿಶೇಷ ನಡೆಯದಿರುವಾಗ ನಾವು ಫೋನು ನೋಡುತ್ತಿರುತ್ತೇವೆ. ಹಗ್ಗ ಬಿಗಿಯಾದಾಗ ಮಾತ್ರ ನಾಯಿಯ ನೆನಪಾಗುತ್ತದೆ. ಮೊದಲ ವಾರಗಳಲ್ಲಿ ಪ್ರತಿ ಎರಡು ಮೂರು ಹೆಜ್ಜೆಗೆ "ಸೈ" ಎನ್ನುತ್ತಿದ್ದರೂ ಅತಿಯಲ್ಲ. ನಾಯಿ ದೂರದ ಏನನ್ನೋ ಕಂಡು ಕಿವಿ ನಿಮಿರಿಸಿ, ಮೈ ಮುಂದಕ್ಕೆ ವಾಲಿಸಿತೆಂದರೆ, ಹಗ್ಗ ಬಿಗಿಯಾಗುವ ಮೊದಲೇ ಹಗುರ ದನಿಯಲ್ಲಿ ಕರೆದು ಬಂದ ದಾರಿಗೆ ತಿರುಗಿ.

ಮೂಸುವುದನ್ನು ನಿಷೇಧಿಸಬಾರದು; ಅದನ್ನೇ ಸಂಬಳವಾಗಿ ಕೊಡಬೇಕು. ಹತ್ತು ಹೆಜ್ಜೆ ಸಡಿಲ ಹಗ್ಗದಲ್ಲಿ ನಡೆದ ನಾಯಿಗೆ "ಮೂಸು" ಎಂದು ಹೇಳಿ, ಕಂಬದ ಬಳಿಗೆ ನೀವೇ ಜೊತೆಗೆ ಹೋಗಿ, ಅದಕ್ಕೆ ಸಾಕೆನಿಸುವವರೆಗೆ ನಿಲ್ಲಿ. ಪಾಠದ ಹೊತ್ತು ಹತ್ತು ನಿಮಿಷ ಮೀರದಿರಲಿ. ಪಾಠಕ್ಕೆ ಸಮಯವಿಲ್ಲದ ದಿನ, ನಾಯಿ ಶೌಚಕ್ಕೆ ಹೋಗಲೇಬೇಕಾದಾಗ, ಹಗ್ಗವನ್ನು ಬೆನ್ನಿನ ಬಳೆಗೆ ಸಿಕ್ಕಿಸಿ ಅದರ ಪಾಡಿಗೆ ಬಿಡಿ. ಎದೆಯ ಬಳೆಗೆ ಸಿಕ್ಕಿಸಿದರೆ ಪಾಠ, ಬೆನ್ನಿನ ಬಳೆಗಾದರೆ ರಜೆ ಎಂಬ ಭೇದವನ್ನು ನಾಯಿಗಳು ನಾವು ಎಣಿಸಿದ್ದಕ್ಕಿಂತ ಬೇಗ ಹಿಡಿಯುತ್ತವೆ. ಮನೆಯ ಎಲ್ಲರೂ ಒಂದೇ ನಿಯಮ ಪಾಲಿಸಬೇಕೆಂಬುದೂ ಇದಕ್ಕೇ. ನಮ್ಮ ತಂದೆಯವರು "ಪಾಪ, ಅದಕ್ಕೆ ಅವಸರ" ಎಂದು ಕೆಂಚಿಯ ಹಿಂದೆ ಓಡುತ್ತಿದ್ದ ಎರಡು ವಾರ, ಬೆಳಗ್ಗೆ ಕಲಿತದ್ದೆಲ್ಲ ಸಂಜೆಗೆ ಅಳಿಸಿಹೋಗುತ್ತಿತ್ತು. ಅವರಿಗೆ ಬೆನ್ನಿನ ಬಳೆಯ ವಾಕಿಂಗನ್ನು ವಹಿಸಿದ ಮೇಲೆ ಇಬ್ಬರಿಗೂ ಸಮಾಧಾನವಾಯಿತು.

ಬೀದಿನಾಯಿಗಳ ನಡುವೆ

ಪರದೇಶದ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ, ನಮ್ಮ ಊರುಗಳಲ್ಲಿ ನಡಿಗೆಯ ಅರ್ಧ ಪಾಠ ಇದೇ. ಪ್ರತಿ ಬೀದಿಗೂ ತನ್ನದೇ ಗುಂಪಿದೆ, ಗುಂಪಿಗೆ ಗಡಿಯಿದೆ. ಒಂದೆರಡು ದಿನ ನಾಯಿಯಿಲ್ಲದೆ ನೀವೊಬ್ಬರೇ ನಡೆದು, ಯಾವ ನಾಯಿ ಎಲ್ಲಿ ಮಲಗುತ್ತದೆ, ಅನ್ನ ಹಾಕುವವರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಬೀದಿಯಲ್ಲಿ ಮರಿಹಾಕಿದ ತಾಯಿಯಿದೆ ಎಂಬುದನ್ನು ನೋಡಿಟ್ಟುಕೊಳ್ಳಿ. ಅನ್ನದ ಹೊತ್ತು ಮತ್ತು ಮರಿಗಳಿರುವ ಬೀದಿ, ಎರಡನ್ನೂ ತಪ್ಪಿಸಿ.

ಎದುರಿಗೆ ನಾಯಿ ಕಂಡಾಗ ನಿಮ್ಮ ನಾಯಿ ತಿನಿಸು ತಿನ್ನುತ್ತದೆಯೇ ನೋಡಿ. ಕೋಳಿಯ ಚೂರನ್ನು ಮೂಗಿಗೆ ಹಿಡಿದರೂ ಮೂಸದಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ, ಅಲ್ಲಿ ಯಾವ ಪಾಠವೂ ತಲೆಗೆ ಹೋಗುವುದಿಲ್ಲ. ತಿನ್ನುವಷ್ಟು ದೂರಕ್ಕೆ ಸರಿಯಿರಿ. ಆ ದೂರದಲ್ಲಿ ನಿಂತು, ನಿಮ್ಮ ನಾಯಿ ಅತ್ತ ನೋಡಿದಾಗ "ಸೈ" ಎಂದು ಚೂರು ಕೊಡಿ. ಮತ್ತೆ ನೋಡಿದಾಗ ಮತ್ತೆ. ಕೆಲವು ದಿನಗಳಲ್ಲಿ ಅದು ಬೇರೆ ನಾಯಿಯನ್ನು ಕಂಡು ತಾನೇ ನಿಮ್ಮತ್ತ ತಿರುಗುತ್ತದೆ, ಆಗ ದೂರವನ್ನು ಎರಡು ಮಾರು ಕಡಿಮೆ ಮಾಡಿ. ದಾಟಲೇಬೇಕಾದಾಗ ನೇರವಾಗಿ ನಡೆಯದೆ ಬಿಲ್ಲಿನಂತೆ ಬಳಸಿ ಹೋಗಿ, ಏಕೆಂದರೆ ಮುಖಕ್ಕೆ ಮುಖ ಕೊಟ್ಟು ನೇರ ಬರುವುದು ನಾಯಿಗಳ ಲೋಕದಲ್ಲಿ ಸವಾಲು. ನಿಂತ ಕಾರು ಆಟೋಗಳು ನಡುವೆ ಪರದೆಯಾದರೆ ಇನ್ನೂ ಒಳ್ಳೆಯದು. ಗುಂಪು ಬೆನ್ನಟ್ಟಿದರೆ ಓಡಬೇಡಿ. ನಿಮ್ಮ ನಾಯಿಯನ್ನು ಹಿಂದಕ್ಕೆ ಮಾಡಿಕೊಂಡು, ಚೀಲದಿಂದ ಒಂದು ಹಿಡಿ ತಿನಿಸನ್ನು ಆ ನಾಯಿಗಳ ಆಚೆಗೆ ಎಸೆದು, ಅವು ಅತ್ತ ತಿರುಗಿದಾಗ ನಿಧಾನವಾಗಿ ಹಿಂದೆ ಸರಿಯಿರಿ. ನಿಮ್ಮ ನಾಯಿ ಗುರುಗುಟ್ಟಿದರೆ ಗದರಬಾರದು. ಅದು "ನನಗೆ ಭಯವಾಗುತ್ತಿದೆ" ಎಂದು ಹೇಳುವ ಮಾತು, ಆ ಮಾತನ್ನು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚೀತು.

ಯಾವ ನಾಯಿ ಕಚ್ಚಿದರೂ, ಹಲ್ಲು ತಾಗಿ ಚರ್ಮ ಗೀಚಿದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಿಮ್ಮ ನಾಯಿಯೇ ಬೇರೆಯವರಿಗೆ ಅಪಾಯ ಮಾಡುವಂತೆ ಅಜಾಗರೂಕತೆಯಿಂದ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಮಲ ಎತ್ತಲು ಹಳೆಯ ಪತ್ರಿಕೆಯ ಹಾಳೆ ಜೇಬಿನಲ್ಲಿದ್ದರೆ ನೆರೆಯವರೊಂದಿಗಿನ ಅರ್ಧ ಜಗಳ ತಪ್ಪುತ್ತದೆ.

ಬೇಸಿಗೆಯಲ್ಲಿ ಬೆಳಗ್ಗೆ 7ರ ಒಳಗೆ ಮತ್ತು ಕತ್ತಲಾದ ಮೇಲೆ ಮಾತ್ರ ಹೊರಡಿ. ಗಾಳಿಯ ಉಷ್ಣತೆ 30 ಡಿಗ್ರಿ ಇದ್ದಾಗಲೂ ಬಿಸಿಲಿಗೊಡ್ಡಿದ ಡಾಂಬರು 50 ದಾಟಬಹುದು. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಲಾಗದಿದ್ದರೆ ಅದು ನಾಯಿಯ ಪಾದಕ್ಕೂ ಸಲ್ಲದು. ದೀಪಾವಳಿಯ ಆಸುಪಾಸಿನಲ್ಲಿ ಸಂಜೆಯ ವಾಕಿಂಗನ್ನು ಹಗಲಿಗೆ ಸರಿಸಿ, ಹಾರ್ನೆಸ್ ಮತ್ತು ಬೆಲ್ಟು ಎರಡನ್ನೂ ಜೋಡಿಸಿ ತೊಡಿಸುವ ನಿಯಮವನ್ನು ಒಂದು ದಿನವೂ ತಪ್ಪಿಸಬೇಡಿ; ಪಟಾಕಿಗೆ ಹೆದರಿ ಓಡಿದ ನಾಯಿ ದಾರಿ ನೋಡಿಕೊಂಡು ಓಡುವುದಿಲ್ಲ.

ಕ್ರಮವಾಗಿ ಮಾಡಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಬದಲಾವಣೆ ಕಾಣುತ್ತದೆ, ಬೀದಿಯುದ್ದಕ್ಕೂ ಹಗ್ಗ ಜೋಲಲು ಕೆಲವು ತಿಂಗಳು ಹಿಡಿಯುತ್ತದೆ. ನಡುವೆ ಒಂದು ವಾರ ಎಲ್ಲ ಮರೆತಂತೆ ಆಡುವುದೂ ಉಂಟು, ಆಗ ಗೇಟಿನೊಳಗಿನ ಪಾಠಕ್ಕೆ ಮರಳಬೇಕು. ನಾಯಿ ಉದ್ವೇಗದಲ್ಲಿ ತಿರುಗಿ ನಿಮ್ಮನ್ನೇ ಕಚ್ಚುತ್ತಿದ್ದರೆ, ಅಥವಾ ಮಕ್ಕಳನ್ನು ಕಂಡು ಮೈ ಸೆಟೆದು ದಿಟ್ಟಿಸುತ್ತಿದ್ದರೆ, ಈ ಬರಹ ಸಾಲದು. ಪಶುವೈದ್ಯರನ್ನು ಕೇಳಿ, ತಿನಿಸು ಮತ್ತು ತಾಳ್ಮೆಯಿಂದ ಕಲಿಸುವ ತರಬೇತುದಾರರನ್ನು ಹುಡುಕಿ. "ನಾಲ್ಕು ದಿನ ನನಗೆ ಬಿಡಿ, ಸರಿಮಾಡಿ ಕೊಡುತ್ತೇನೆ" ಎನ್ನುವವರಿಗೆ ಹಗ್ಗ ಒಪ್ಪಿಸಬೇಡಿ.

ಕೆಂಚಿ ಬಂದು ಈಗ ಮೂರು ವರ್ಷ. ಕಸದ ಆಟೋದ ಹಾಡು ಕೇಳಿದರೆ ಅವಳು ನನ್ನ ಕಾಲಿಗೆ ಒತ್ತಿ ನಿಂತು ಮುಖ ನೋಡುತ್ತಾಳೆ, ನಾನು ಚೀಲಕ್ಕೆ ಕೈ ಹಾಕುತ್ತೇನೆ. ಮಾಂಸದಂಗಡಿಯ ಮುಂದೆ ಮಾತ್ರ ಇಂದಿಗೂ ಹಗ್ಗ ಬಿಗಿಯುತ್ತದೆ. ಹಾಗಾಗಿ ಭಾನುವಾರ ಬೆಳಗ್ಗೆ ನಾವು ಆ ಬೀದಿಗೆ ಹೋಗುವುದಿಲ್ಲ.